1966ರ ಮಸ್ಟ್ಯಾಂಗ್: ಹೊಸ ಎಂಜಿನ್ ಹಾಕಿಸಬೇಕಾ, ಇದ್ದದ್ದನ್ನೇ ಸರಿ ಮಾಡಿಸಬೇಕಾ?

ಬ್ರಹ್ಮಾವರದವ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನನ್ನ ಸೋದರಮಾವ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಅಲ್ಲಿಯ ಒಂದು ಕಾನ್ಸುಲೇಟಿನವರು ಬಿಟ್ಟುಹೋದ ಕಾರನ್ನು ಎಸ್‌ಟಿಸಿ (ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮೂಲಕ ತೆಗೆದುಕೊಂಡಿದ್ದರು. 1966ರ ಫೋರ್ಡ್ ಮಸ್ಟ್ಯಾಂಗ್. ಎರಡು ಬಾಗಿಲು, ಎಡಗಡೆ ಸ್ಟೀರಿಂಗ್, ವಿ8 ಎಂಜಿನ್, ಆಟೊಮ್ಯಾಟಿಕ್ ಗೇರ್. ಹೋಟೆಲ್ ಬಿಟ್ಟು ಊರಿಗೆ ಬರುವಾಗ ಕಾರನ್ನೂ ತಂದರು. ಈಗ ಕೆಎ 20 ನಂಬರ್. ಮಾವ ಹೋದ ಮೇಲೆ ಅತ್ತೆ ಕೀ ನನ್ನ ಕೈಗೆ ಕೊಟ್ಟರು. ಆರ್‌ಸಿ ನನ್ನ ಹೆಸರಿಗೆ ಆಗಿದೆ, ರಿನ್ಯೂವಲ್ ಕೂಡ ಆಗಿದೆ. ಚಾಸಿ ನಂಬರ್ 6ಟಿ07ಸಿ ಅಂತ ಶುರುವಾಗುತ್ತದೆ.

ಕಾರು ಓಡುತ್ತದೆ. ಆದರೆ ಉಡುಪಿ ಕರಾವಳಿ ಜಂಕ್ಷನ್‌ನಲ್ಲಿ ಟ್ರಾಫಿಕ್ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ. ಹೈವೇಯಲ್ಲಿ ಓಡುತ್ತಿದ್ದರೆ ತಾನಾಗಿ ಇಳಿಯುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮಳೆನೀರಿನಲ್ಲಿ ಹೋದ ಮೇಲೆ ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ಮುಂದಿನ ಗಾಜಿನ ರಬ್ಬರ್ ಹೊಸತು ಹಾಕಿಸಿದ್ದೇನೆ. ಆದರೂ ಮಳೆಗಾಲದಲ್ಲಿ ಪಕ್ಕದ ಸೀಟಿನ ಕಾಲಬುಡದ ಮ್ಯಾಟ್ ಒದ್ದೆ. ಸ್ವಲ್ಪ ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗಲು ಕಷ್ಟ, ಪೆಟ್ರೋಲ್ ವಾಸನೆಯೂ ಬರುತ್ತದೆ. ಎಸಿ ಇಲ್ಲ.

ಅತ್ತೆಗೆ ಈ ಕಾರಿನಲ್ಲೇ ಆಗುಂಬೆ ಹತ್ತಿ ಶೃಂಗೇರಿಗೆ ಹೋಗುವ ಆಸೆ. ಮಾವ ಇದ್ದಾಗ ಹಾಗೆ ಹೋಗುತ್ತಿದ್ದರು. ಈಗಿನ ಬ್ರೇಕ್ ನಂಬಿ ಅವರನ್ನು ಘಾಟಿಯಲ್ಲಿ ಇಳಿಸಿಕೊಂಡು ಬರಲು ನನಗೆ ಧೈರ್ಯ ಇಲ್ಲ.

ತಮ್ಮ ಹೇಳುತ್ತಾನೆ, ಹಳೆಯ ಎಂಜಿನ್ ತೆಗೆದು ಫೋರ್ಡಿನದೇ ಹೊಸ 5.0 ಲೀಟರ್ ಹಾಕಿಸು, ಜೊತೆಗೆ ಹೊಸ ಗೇರ್‌ಬಾಕ್ಸ್, ಡಿಸ್ಕ್ ಬ್ರೇಕ್, ಎಸಿ, ಎಲ್ಲ ಒಂದೇ ಸಲ ಮುಗಿಸು ಅಂತ. ಅಮೆರಿಕದಲ್ಲಿ ತುಂಬ ಜನ ಹಾಗೆ ಮಾಡುತ್ತಾರಂತೆ. ನನ್ನ ಹತ್ತಿರ ಎಲ್ಲದಕ್ಕೂ ಒಟ್ಟಿಗೆ ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ? ಈ ಕೆಲಸ ಕೈಯಾರೆ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಸುರತ್ಕಲ್ ಸವಾರ

ನಿಮ್ಮ ತಮ್ಮ ಹೇಳಿದ್ದು ಸರಿ ಅಂತ ನನ್ನ ಅಭಿಪ್ರಾಯ. 2011ರ ಮಸ್ಟ್ಯಾಂಗಿನಲ್ಲಿ ಮೊದಲು ಬಂದ ಆ ಎಂಜಿನ್‌ಗೆ ಕೊಯೊಟಿ ಅಂತ ಹೆಸರು. ಕಂಪನಿಯಿಂದ ಬಂದ ಹಾಗೇ 412 ಅಶ್ವಶಕ್ತಿ. ನಿಮ್ಮ ಹಳೆಯ ವಿ8, ಅಂದರೆ 289, ಎರಡು ಬ್ಯಾರಲ್ (ಗಾಳಿ ಹೋಗುವ ಎರಡು ಕೊಳವೆ) ಕಾರ್ಬುರೇಟರಿನದ್ದಾದರೆ ಫೋರ್ಡ್ ಕೊಟ್ಟ ಲೆಕ್ಕ 200. ಅದು ಕೂಡ ಹಳೆಯ ಗ್ರಾಸ್ ಲೆಕ್ಕ. ಫ್ಯಾನ್, ಏರ್ ಫಿಲ್ಟರ್, ಸೈಲೆನ್ಸರ್ ಯಾವುದೂ ಇಲ್ಲದೆ ಎಂಜಿನ್ ಒಂದನ್ನೇ ಸ್ಟ್ಯಾಂಡಿನಲ್ಲಿ ಓಡಿಸಿ ಅಳೆದದ್ದು. 1972ರಿಂದ ಅಮೆರಿಕದ ಕಂಪನಿಗಳು ನೆಟ್ ಲೆಕ್ಕಕ್ಕೆ ಬಂದವು. ಅದರಲ್ಲಿ ನೋಡಿದರೆ ನಿಮ್ಮದು ಇನ್ನೂ ಕಡಿಮೆ ಬರುತ್ತದೆ.

ಹೊಸ ಎಂಜಿನ್ ಹಾಕಿದರೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್, ಮೈಲೇಜ್ ಚೆನ್ನಾಗಿರುತ್ತದೆ, ಬಿಸಿಯಾಗುವ ತಲೆನೋವು ಇಲ್ಲ. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಕಡಿಮೆ ಸುತ್ತು ತಿರುಗುವ ಮೇಲಿನ ಗೇರ್) ಇರುವ ಗೇರ್‌ಬಾಕ್ಸ್ ಹಾಕಿದರೆ ಎನ್‌ಎಚ್ 66ರಲ್ಲಿ ಆರಾಮ. ಹಳೆಯ ಬಾಡಿ, ಹೊಸ ಜೀವ. ಇಂಥ ಕಾರನ್ನು ಓಡಿಸಬೇಕು ಅಂತ ನಿಜವಾಗಿ ಆಸೆ ಇದ್ದರೆ ಇದೇ ದಾರಿ.

ಕಟಪಾಡಿ ಮೆಕ್ಯಾನಿಕ್

ಬ್ರಹ್ಮಾವರದವರೇ, ನಾನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಹಳ ವರ್ಷ ಅಮೆರಿಕನ್ ಗಾಡಿಗಳ ಕೆಲಸ ಮಾಡಿದವ. ಮಸ್ಟ್ಯಾಂಗ್, ಕಮಾರೊ, ಚಾರ್ಜರ್ ಎಲ್ಲ ಕೈಯಲ್ಲಿ ಹೋಗಿವೆ. ಈಗ ಊರಲ್ಲಿ ಮನೆ ಹಿಂದೆಯೇ ಶೆಡ್. ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕಾರು ಯಾವುದು ಅಂತ ನೋಡುವಾ. 6 ಅಂದರೆ 1966. ಟಿ ಅಂದರೆ ನ್ಯೂಜೆರ್ಸಿಯ ಮೆಟಚನ್ ಫ್ಯಾಕ್ಟರಿ. 07 ಅಂದರೆ ಹಾರ್ಡ್‌ಟಾಪ್. ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8, ಎರಡು ಬ್ಯಾರಲ್. ನಮ್ಮ ಲೆಕ್ಕದಲ್ಲಿ 4.7 ಲೀಟರ್. ಆಗ ಜನ ಜಾಸ್ತಿ ತೆಗೆದುಕೊಂಡ ವಿ8 ಇದೇ. ಒಳ್ಳೆಯ ಎಂಜಿನ್, ಬಿಡಿಭಾಗ ಇವತ್ತಿಗೂ ಹೊಸತಾಗಿ ಸಿಗುತ್ತದೆ.

ಸುರತ್ಕಲ್‌ನವರು ಹೇಳಿದ ಕೊಯೊಟಿ ಒಳ್ಳೆಯ ಎಂಜಿನ್ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಎರಡೂ ಬದಿಯ ಹೆಡ್ ಮೇಲೆ ಎರಡೆರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್). ಹಾಗಾಗಿ ತಲೆ ಅಗಲ. ನಿಮ್ಮ ಗಾಡಿಯ ಬಾನೆಟ್ ಎತ್ತಿ ನೋಡಿ, ಎಂಜಿನ್‌ನ ಎರಡೂ ಪಕ್ಕ ಎತ್ತರದ ತಗಡಿನ ಗೋಪುರ ಉಂಟಲ್ಲ, ಅದು ಶಾಕ್ ಟವರ್. ಮುಂದಿನ ಸ್ಪ್ರಿಂಗ್ ಕೂರುವುದು ಅದರೊಳಗೆ. ಕೊಯೊಟಿ ಕೂರಿಸಬೇಕಾದರೆ ಸಾಮಾನ್ಯವಾಗಿ ಆ ಟವರ್ ಕತ್ತರಿಸಬೇಕು. ಕತ್ತರಿಸಿದರೆ ಮುಂದಿನ ಸಸ್ಪೆನ್ಷನ್ ಪೂರ್ತಿ ಬೇರೆ ಹಾಕಬೇಕು. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಕೆಳಗಡೆ ಬಲ ಕೊಡಲು ಫ್ರೇಮ್ ಕನೆಕ್ಟರ್ ವೆಲ್ಡ್ ಮಾಡಬೇಕು. ಆಮೇಲೆ ವೈರಿಂಗ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಲೈನ್, ಗೇರ್ ಟನಲ್, ಎಲ್ಲ ಬೇರೆ. ಶಾರ್ಜಾದಲ್ಲಿ ಇಂಥ ಕೆಲಸ ಅರ್ಧಕ್ಕೆ ನಿಂತು ಮೂಲೆ ಸೇರಿದ ಗಾಡಿಗಳನ್ನು ನೋಡಿ ಹೊಟ್ಟೆ ಉರಿದಿದೆ. ದುಡ್ಡು ಮುಗಿಯುತ್ತದೆ, ಮಾಲೀಕನ ಉಮೇದು ಮುಗಿಯುತ್ತದೆ, ಕತ್ತರಿಸಿದ ತಗಡು ವಾಪಸ್ ಬರುವುದಿಲ್ಲ.

ನಾನು ಹೇಳುವುದು ಇಷ್ಟೇ. ಬೋಲ್ಟ್ ಬಿಚ್ಚಿ ಹಾಕುವ ಕೆಲಸ ಎಷ್ಟು ಬೇಕಾದರೂ ಮಾಡಿಸಿ. ಗ್ರೈಂಡರ್ ಹಚ್ಚಿ ಕತ್ತರಿಸುವ ಕೆಲಸ ಬೇಡ. ತೆಗೆದ ಹಳೆಯ ಸಾಮಾನು ಒಂದೂ ಗುಜರಿಗೆ ಕೊಡಬೇಡಿ. ಎಣ್ಣೆ ಹಚ್ಚಿ, ಚೀಟಿ ಅಂಟಿಸಿ, ಅಟ್ಟದಲ್ಲಿ ಇಡಿ.

ಓವರ್‌ಡ್ರೈವ್ ವಿಷಯ. ಬಾಗಿಲಿನ ಅಂಚಿನಲ್ಲಿ ಒಂದು ಸಣ್ಣ ಪ್ಲೇಟ್ ಇರುತ್ತದೆ, ಅದರಲ್ಲಿ ಆಕ್ಸಲ್ ಕೋಡ್ ನೋಡಿ. 6 ಇದ್ದರೆ 2.80 ರೇಶಿಯೊ (ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 2.80 ಸುತ್ತು), 1 ಇದ್ದರೆ 3.00. ಎರಡರಲ್ಲಿ ಯಾವುದಾದರೂ 80 ಕಿ.ಮೀ. ವೇಗಕ್ಕೆ ಎಂಜಿನ್ ತಿರುಗುವುದು ನಿಮಿಷಕ್ಕೆ ಹೆಚ್ಚುಕಮ್ಮಿ 1,900ರಿಂದ 2,000 ಸುತ್ತು. ಹೆಜಮಾಡಿ ಟೋಲ್ ದಾಟಿ ಮೂಲ್ಕಿ, ಸುರತ್ಕಲ್ ಅಂತ ಹೋಗುವವರಿಗೆ ಅದಕ್ಕಿಂತ ಕಡಿಮೆ ಎಂತಕ್ಕೆ? ಮೂರು ಗೇರಿನ ಆ ಸಿ4 ಆಟೊಮ್ಯಾಟಿಕ್ ಸರಿಯಾಗಿದ್ದರೆ ಅದನ್ನು ಮುಟ್ಟಲೇಬೇಡಿ. ಎಣ್ಣೆ, ಫಿಲ್ಟರ್ ಬದಲಿಸಿ, ಸಾಕು.

ಈಗ ಮ್ಯಾಟ್ ಒದ್ದೆಯಾಗುವ ಕತೆ. ಇದು ನಮ್ಮ ಊರಿನಲ್ಲಿ ಬ್ರೇಕಿನಷ್ಟೇ ಮುಖ್ಯ. ನೀವು ಗಾಜಿನ ರಬ್ಬರ್ ಬದಲಿಸಿದ್ದೀರಿ, ಆದರೆ ನೀರು ಬರುವುದು ಬಹುಶಃ ಅಲ್ಲಿಂದ ಅಲ್ಲ. ಗಾಜಿನ ಕೆಳಗೆ, ಬಾನೆಟ್‌ನ ಹಿಂದೆ, ಉದ್ದುದ್ದ ಸೀಳು ಇರುವ ಜಾಲರಿ ಉಂಟಲ್ಲ? ಅದರ ಕೆಳಗೆ ಒಂದು ಪೆಟ್ಟಿಗೆ. ಅದಕ್ಕೆ ಕೌಲ್ ಅಂತ ಹೇಳುತ್ತೇವೆ. ಮಾಡಿನ ನೀರಿಗೆ ದಂಬೆ ಇಟ್ಟ ಹಾಗೆ, ಗಾಜಿನ ಮೇಲಿನ ನೀರೆಲ್ಲ ಅದರೊಳಗೆ ಬಿದ್ದು ಎರಡೂ ಬದಿಯಿಂದ ಹೊರಗೆ ಹೋಗಬೇಕು. ಒಳಗೆ ಎಡಕ್ಕೊಂದು ಬಲಕ್ಕೊಂದು ಗಾಳಿ ಬರುವ ತೂತು. ತೂತಿನ ಸುತ್ತ ಎತ್ತರದ ಕಾಲರ್ ಇರುತ್ತದೆ, ನೀರು ಒಳಗೆ ಇಳಿಯದಿರಲಿ ಅಂತ. 1965ರಿಂದ 68ರ ಮಸ್ಟ್ಯಾಂಗ್‌ಗಳಲ್ಲಿ ಆ ಕಾಲರ್ ತುಕ್ಕು ಹಿಡಿದು ಹೋಗುವುದು ಪ್ರಸಿದ್ಧ ಕಾಯಿಲೆ. ಒಣ ಊರಿನ ಗಾಡಿಗೇ ಬರುತ್ತದೆ. ನಮ್ಮಲ್ಲಿ ಮಾವಿನ ಎಲೆ, ಹಲಸಿನ ಎಲೆ ಒಳಗೆ ಬಿದ್ದು ಕೊಳೆತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗಿಯೇ ಇರುತ್ತದೆ. ಮೇಲಿಂದ ಉಪ್ಪುಗಾಳಿ. ಕೇಳಬೇಕಾ?

ಪರೀಕ್ಷೆ ಸುಲಭ. ಮ್ಯಾಟ್ ತೆಗೆಯಿರಿ. ಒಬ್ಬರು ಟಾರ್ಚ್ ಹಿಡಿದು ಡ್ಯಾಶ್ ಕೆಳಗೆ ಮಲಗಿ. ಇನ್ನೊಬ್ಬರು ಜಾಲರಿಗೆ ನಿಧಾನವಾಗಿ ಪೈಪಿನಲ್ಲಿ ನೀರು ಬಿಡಲಿ. ಎಲ್ಲಿಂದ ಇಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಹಾಗೇ ನೆಲದ ತಗಡನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬ್ಯಾಟರಿಯ ಕೆಳಗೆ, ಟ್ಯಾಂಕಿನ ಸುತ್ತ ಕೂಡ. ಇದರಲ್ಲಿ ಡಿಕ್ಕಿಯ ನೆಲದ ಒಂದು ಭಾಗವೇ ಪೆಟ್ರೋಲ್ ಟ್ಯಾಂಕ್.

ಇದನ್ನು ನೋಡಿ ಬರೆಯಿರಿ. ಬ್ರೇಕ್ ಬಗ್ಗೆ ಆಮೇಲೆ ಹೇಳುತ್ತೇನೆ, ಅದು ಬೇರೆಯೇ ದೊಡ್ಡ ವಿಷಯ. ಅಲ್ಲಿಯವರೆಗೆ ಘಾಟಿ ಕಡೆ ತಲೆ ಹಾಕಬೇಡಿ.

ಕದ್ರಿ ವಕೀಲ

ಕೆಲಸದ ಬಗ್ಗೆ ಮೆಕ್ಯಾನಿಕ್ ಅಣ್ಣ ಹೇಳಿದ್ದಾರೆ. ಕಾಗದದ ವಿಷಯ ನಾನು ಹೇಳುತ್ತೇನೆ. ಎಂಜಿನ್ ಮುಟ್ಟುವ ಮೊದಲು ಇದು ಗೊತ್ತಿರಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಮೊದಲು ಬೇಕು. ಸುಮ್ನೆ ಹಾಕಿಸಿ ಆಮೇಲೆ ನೋಡುವಾ ಅಂತ ಹೊರಟರೆ ಮುಂದಿನ ರಿನ್ಯೂವಲ್‌ನಲ್ಲಿ ಎಂಜಿನ್ ನಂಬರ್ ತಾಳೆ ಆಗುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಅದನ್ನೇ ಹಿಡಿಯುತ್ತಾರೆ.

ಇನ್ನೊಂದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಮತ್ತೆ ಮಾಡಿಸಲು 5,000. ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತದೆ. ಆದರೆ ಆ ನಂಬರ್ ಹಾಕಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಇಂಥದಕ್ಕೆ ಮಾತ್ರ.

ನಿಮಗೆ ಅತ್ತೆಯನ್ನು ಕೂರಿಸಿಕೊಂಡು ತಿರುಗಾಡಬೇಕು. ಹಾಗಾಗಿ ಈಗಿನ ಕೆಎ 20 ನೋಂದಣಿಯಲ್ಲೇ ಮುಂದುವರಿಯಿರಿ, ಐದೈದು ವರ್ಷಕ್ಕೆ ರಿನ್ಯೂವಲ್ ಮಾಡಿಸಿ. ಆದರೆ ಮೂಲ ಎಂಜಿನ್, ಮೂಲ ಬಾಡಿ ಉಳಿಸಿಕೊಂಡರೆ ಮುಂದೆ ಬೇಕೆನಿಸಿದಾಗ ವಿಂಟೇಜ್ ದಾರಿಯೂ ತೆರೆದಿರುತ್ತದೆ. ಕೊಯೊಟಿ ಹಾಕಿಸಿದ ದಿನ ಆ ದಾರಿ ಮುಚ್ಚುತ್ತದೆ.

ಬ್ರಹ್ಮಾವರದವ

ಇಬ್ಬರಿಗೂ ತುಂಬ ಉಪಕಾರವಾಯಿತು.

ಪ್ಲೇಟಿನಲ್ಲಿ ಆಕ್ಸಲ್ ಕೋಡ್ 6. ತಮ್ಮ ಟಾರ್ಚ್ ಹಿಡಿದು ಮಲಗಿದ, ನಾನು ನೀರು ಬಿಟ್ಟೆ. ಪಕ್ಕದ ಸೀಟಿನ ಕಡೆ ಹೀಟರ್ ಪೆಟ್ಟಿಗೆಯ ಮೇಲಿನಿಂದ ಧಾರೆಯಾಗಿ ಇಳಿಯಿತು. ಡ್ರೈವರ್ ಕಡೆ ಒಣಗಿದೆ. ನೆಲದ ತಗಡಿನಲ್ಲಿ ಬಲಗಡೆ ಒಂದು ಕಡೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಅಲ್ಲಿ ಮೊದಲು ಯಾರೋ ಪುಟ್ಟಿ ಹಾಕಿ ಡಾಂಬರು ಬಳಿದಿದ್ದಾರೆ. ಎಂಜಿನ್ ಮುಂದೆ ಫ್ಯಾನ್ ಸುತ್ತ ಯಾವ ಕವರೂ ಇಲ್ಲ, ಫ್ಯಾನ್ ಬಯಲಲ್ಲೇ ತಿರುಗುತ್ತದೆ. ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ ಅಂತ ಇಲ್ಲಿಯ ಮೆಕ್ಯಾನಿಕ್ ಹೇಳಿದರು.

ಎಂಜಿನ್ ಬದಲಿಸುವುದಿಲ್ಲ ಅಂತ ನಿರ್ಧಾರ ಮಾಡಿದೆ. ಬ್ರೇಕ್ ಬಗ್ಗೆ ಹೇಳಿ ಅಣ್ಣ.

ಕಟಪಾಡಿ ಮೆಕ್ಯಾನಿಕ್

ಒಳ್ಳೆಯ ನಿರ್ಧಾರ. ಈಗ ಕೇಳಿ.

1966ರ ಮಸ್ಟ್ಯಾಂಗಿನ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಭಾಗ) ಒಂದೇ ಕೋಣೆ. ನಾಲ್ಕು ಚಕ್ರಕ್ಕೂ ಒಂದೇ ಲೈನಿನ ಎಣ್ಣೆ. ಎಲ್ಲಿಯಾದರೂ ಒಂದು ಪೈಪ್ ಒಡೆಯಿತು ಅಂದುಕೊಳ್ಳಿ, ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಬ್ರೇಕ್ ಇಲ್ಲ. 1967ರ ಮಾಡೆಲ್‌ನಿಂದ ಫೋರ್ಡ್ ಮುಂದಕ್ಕೊಂದು ಹಿಂದಕ್ಕೊಂದು ಅಂತ ಎರಡು ಕೋಣೆಯದ್ದು ಕೊಟ್ಟಿತು. ನೀವು ಈ ಕಾರಿಗೆ ಒಂದೇ ಒಂದು ಹೊಸ ಸಾಮಾನು ಹಾಕಿಸುವುದಾದರೆ ಅದು ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಆಗಿರಲಿ. ಎಸಿ, ಸ್ಟೀರಿಯೊ, ಅಲಾಯ್ ವೀಲ್, ಯಾವುದೂ ಇದಕ್ಕಿಂತ ಮೊದಲು ಬೇಡ.

ಅದರ ಜೊತೆ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್. ಹಿಂದೆ ಡ್ರಮ್ ಇರಲಿ, ತೊಂದರೆ ಇಲ್ಲ. ಡ್ರಮ್ ಒಳಗೆ ನೀರು ಹೋದರೆ ಬೇಗ ಹೊರಬರುವುದಿಲ್ಲ. ಒಂದು ಬದಿ ಮೊದಲು ಒಣಗುತ್ತದೆ, ಗಾಡಿ ಆ ಕಡೆ ಎಳೆಯುತ್ತದೆ. ನಿಮಗೆ ಆಗುತ್ತಿರುವುದು ಅದೇ ಇರಬೇಕು. ಆದರೂ ಡ್ರಮ್ ಒಳಗಿನ ವೀಲ್ ಸಿಲಿಂಡರ್‌ನಿಂದ ಬ್ರೇಕ್ ಎಣ್ಣೆ ಸೋರುತ್ತದಾ ಅಂತ ಬಿಚ್ಚಿ ನೋಡಿ. ಇನ್ನು ಆಗುಂಬೆಯ 14 ತಿರುವು ಇಳಿಯುವಾಗ ಡ್ರಮ್ ಕಾದು ಹಿಗ್ಗುತ್ತದೆ, ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಡಿಸ್ಕ್ ಬಯಲಲ್ಲಿ ಇರುವುದರಿಂದ ನೀರೂ ಚಿಮ್ಮುತ್ತದೆ, ಬಿಸಿಯೂ ಬೇಗ ಹೋಗುತ್ತದೆ.

ಡಿಸ್ಕ್ ಹಾಕಿದರೆ ಮೂಲ ರೂಪ ಕೆಡುತ್ತದೆ ಅಂತ ಬೇಜಾರು ಬೇಡ. 1965–66ರಲ್ಲಿ ಫೋರ್ಡೇ ಮುಂದಿನ ಡಿಸ್ಕ್ ಅನ್ನು ಹೆಚ್ಚುವರಿ ದುಡ್ಡಿಗೆ ಕೊಡುತ್ತಿತ್ತು. ಕೆಲ್ಸಿ-ಹೇಯ್ಸ್ ಕಂಪನಿಯದ್ದು, ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯುವ ಭಾಗ). ಅದೇ ಮಾದರಿಯ ಹೊಸ ಕಿಟ್ ಇವತ್ತೂ ಸಿಗುತ್ತದೆ. ತರಿಸುವಾಗ ಕೆಲವು ವಿಷಯ ನೋಡಿಕೊಳ್ಳಿ. ನಿಮ್ಮ 14 ಇಂಚಿನ ಹಳೆಯ ರಿಮ್ ಕೆಲವು ಕ್ಯಾಲಿಪರ್‌ಗೆ ತಾಗುತ್ತದೆ, ಕಿಟ್ ಮಾರುವವರ ಹತ್ತಿರ ಮೊದಲೇ ಕೇಳಿ. ವಿ8 ಆದ್ದರಿಂದ ನಿಮ್ಮದು ಐದು ನಟ್, 114.3 ಮಿ.ಮೀ. ಅಳತೆ. ಆರು ಸಿಲಿಂಡರಿನವರದ್ದು ನಾಲ್ಕು ನಟ್, ಆ ಕಿಟ್ ಬಂದರೆ ಆಗುವುದಿಲ್ಲ. ಹಿಂದಿನ ಡ್ರಮ್ ಮೊದಲೇ ಲಾಕ್ ಆಗದ ಹಾಗೆ ಪ್ರೊಪೋರ್ಷನಿಂಗ್ ವಾಲ್ವ್ ಬೇಕು. ಮಾಸ್ಟರ್ ಸಿಲಿಂಡರ್ ಡಿಸ್ಕ್-ಡ್ರಮ್ ಗಾಡಿಯದ್ದೇ ಆಗಿರಲಿ. ಪೂರ್ತಿ ಡ್ರಮ್‌ನದ್ದು ಹಾಕಿದರೆ ಅದರೊಳಗಿನ ರೆಸಿಡ್ಯುಯಲ್ ವಾಲ್ವ್ ಡಿಸ್ಕ್ ಲೈನಿನಲ್ಲಿ ಪ್ರೆಶರ್ ಹಿಡಿದಿಡುತ್ತದೆ, ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಪೈಪುಗಳೆಲ್ಲ ಹೊಸತು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಮ್ಮ ಊರಲ್ಲಿ ಪ್ರತಿ ಮಳೆಗಾಲ ಕಳೆದ ಮೇಲೆ ಬದಲಿಸಿ.

ಘಾಟಿ ಇಳಿಯುವಾಗ ಗೇರ್ ಎಲ್‌ನಲ್ಲಿಟ್ಟು ನಿಧಾನಕ್ಕೆ ಬನ್ನಿ. ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ಇದು ಬೇಕು.

ಬಿಸಿಯಾಗುವುದಕ್ಕೆ ಕಾರಣ ನೀವೇ ಬರೆದಿದ್ದೀರಿ. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ಸುತ್ತ ಶ್ರೌಡ್, ಅಂದರೆ ಆ ಕವರ್, ಹಾಕಿಸಿ. ಫ್ಯಾನಿನ ಎಲೆ ಅರ್ಧ ಅದರ ಒಳಗೆ, ಅರ್ಧ ಹೊರಗೆ ಇರುವ ಹಾಗೆ. ಆಗ ಗಾಳಿ ಪೂರ್ತಿ ರೇಡಿಯೇಟರ್ ಮೂಲಕವೇ ಬರುತ್ತದೆ. ರೇಡಿಯೇಟರ್ ಬಿಚ್ಚಿಸಿ ಒಳಗೆ ತೊಳೆಸಿ, ಕೋರ್ ಹಳತಾಗಿದ್ದರೆ ಮೂರು ಸಾಲಿನ ಹೊಸ ಕೋರ್. ಥರ್ಮೋಸ್ಟಾಟ್ ವಾಪಸ್ ಹಾಕಿ, ದಯವಿಟ್ಟು. ಅದನ್ನು ಕಿತ್ತು ಬಿಸಾಡುವುದು ನಮ್ಮ ಕಡೆ ಅಭ್ಯಾಸವೇ ಆಗಿಬಿಟ್ಟಿದೆ. ಅದು ಇಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ತಡ, ಅಷ್ಟು ಹೊತ್ತೂ ಸವೆತ ಜಾಸ್ತಿ. ಬಾವಿ ನೀರು ಬೇಡ, ಕೂಲಂಟ್ ಹಾಕಿ.

ಎಲೆಕ್ಟ್ರಿಕ್ ಫ್ಯಾನ್ ಹಾಕಿ ಅಂತ ಯಾರಾದರೂ ಹೇಳಬಹುದು. ನಿಮ್ಮ ಹಳೆಯ ಆಲ್ಟರ್ನೇಟರ್ 38 ಅಥವಾ 42 ಆಂಪಿಯರ್‌ನದ್ದು ಇರಬೇಕು. ದೊಡ್ಡ ಫ್ಯಾನ್ ಒಂದೇ 20–30 ತಿನ್ನುತ್ತದೆ. ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್ ಎಲ್ಲ ಓಡಬೇಕಲ್ಲ? ಮೊದಲು ದೊಡ್ಡ ಆಲ್ಟರ್ನೇಟರ್, ದಪ್ಪ ವೈರ್, ಆಮೇಲೆ ಫ್ಯಾನ್. ಎಸಿಯೂ ಹಾಗೆಯೇ. ಕಂಡೆನ್ಸರ್ ರೇಡಿಯೇಟರ್ ಮುಂದೆ ಕೂತು ಇನ್ನಷ್ಟು ಬಿಸಿ ಸೇರಿಸುತ್ತದೆ. ಕೂಲಿಂಗ್ ಸರಿಯಾಗಿ ಒಂದು ಬೇಸಿಗೆ ಕಳೆಯಲಿ, ಆಮೇಲೆ ಡ್ಯಾಶ್ ಕೆಳಗೆ ನೇತುಹಾಕುವ ಎಸಿ ಹಾಕಿಸಿ. ಆ ಕಾಲದಲ್ಲೂ ಅಲ್ಲೇ ಹಾಕುತ್ತಿದ್ದದ್ದು, ನೋಡಲೂ ಚೆಂದ.

ಕೌಲ್ ಕೆಲಸ ಒಳ್ಳೆಯ ಟಿಂಕರ್ ಹತ್ತಿರವೇ ಆಗಬೇಕು. ಸ್ಪಾಟ್ ವೆಲ್ಡ್‌ಗಳನ್ನು ಡ್ರಿಲ್ ಮಾಡಿ ಮೇಲಿನ ತಗಡು ಎತ್ತಿ, ಕೆಳಗಿನದ್ದು ಬದಲಿಸಿ, ಸತುವಿನ ಪ್ರೈಮರ್ ಹೊಡೆದು, ಸೀಲರ್ ಹಚ್ಚಿ ಮತ್ತೆ ಕೂರಿಸುವುದು. ಇದು ಕತ್ತರಿಸುವ ಕೆಲಸ ಅಲ್ಲ, ಮೂಲ ರೂಪಕ್ಕೆ ತರುವ ಕೆಲಸ. ನೆಲಕ್ಕೂ ಹೊಸ ತಗಡು, ಪುಟ್ಟಿ ಬೇಡವೇ ಬೇಡ.

ಸುರತ್ಕಲ್ ಸವಾರ

ಶಾಕ್ ಟವರ್ ವಿಷಯ ಓದಿದ ಮೇಲೆ ನಾನೂ ಕೊಯೊಟಿ ಬೇಡ ಅಂತಲೇ ಹೇಳುತ್ತೇನೆ. ಆದರೆ ಕಾರ್ಬುರೇಟರ್ ಜಾಗದಲ್ಲಿ ಕೂರುವ ಫ್ಯುಯೆಲ್ ಇಂಜೆಕ್ಷನ್ ಹೇಗೆ? ಬೋಲ್ಟ್ ಬಿಚ್ಚಿ ಹಾಕುವುದೇ ಅಲ್ವಾ? ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುವುದರಿಂದ ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಅದೇ ಹೊಂದಿಕೊಳ್ಳುತ್ತದೆ. ಕಾರ್ಬುರೇಟರ್‌ಗೆ ಅದು ಆಗುವುದಿಲ್ಲ.

ಕಟಪಾಡಿ ಮೆಕ್ಯಾನಿಕ್

ಒಳ್ಳೆಯ ಮಾತು, ನನಗೂ ಅದು ಇಷ್ಟ. ಆದರೆ ಹೆಚ್ಚಿನವು ನಾಲ್ಕು ಬ್ಯಾರಲ್ ಮ್ಯಾನಿಫೋಲ್ಡಿಗೆ (ಕಾರ್ಬುರೇಟರ್ ಕೆಳಗೆ ಎಂಜಿನ್‌ಗೆ ಮಿಶ್ರಣ ಹಂಚುವ ಭಾಗ) ಕೂರುವಂಥವು, ಹಾಗಾಗಿ ಮ್ಯಾನಿಫೋಲ್ಡ್ ಕೂಡ ತರಿಸಬೇಕು. ಎಂಜಿನ್ ಪಕ್ಕದ ಹಳೆಯ ಪೆಟ್ರೋಲ್ ಪಂಪ್ 5 ಪಿಎಸ್‌ಐ ಆಸುಪಾಸು ಪ್ರೆಶರ್ ಕೊಡುತ್ತದೆ. ಇಂಜೆಕ್ಷನ್‌ಗೆ 58ರ ಹತ್ತಿರ ಬೇಕು. ಅಂದರೆ ಟ್ಯಾಂಕ್ ಒಳಗೆ ಎಲೆಕ್ಟ್ರಿಕ್ ಪಂಪ್, ಹೊಸ ಲೈನ್, ಆ ಪ್ರೆಶರ್ ತಡೆಯುವ ಪೈಪ್. ಎರಡನೇ ವರ್ಷದ ಕೆಲಸ ಅಂತ ಇಟ್ಟುಕೊಳ್ಳಿ.

ಈ ವರ್ಷಕ್ಕೆ ಬ್ರಹ್ಮಾವರದವರು ಇಷ್ಟು ಮಾಡಿಸಲಿ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಪೈಪ್ ಎಲ್ಲ ತೆಗೆದು ಎಥನಾಲ್ ತಡೆಯುವ ವೈಟಾನ್ ಪೈಪ್. ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬುರೇಟರ್ ಕಿಟ್ ಕೂಡ ಎಥನಾಲ್‌ಗೆ ಆಗುವಂಥದ್ದೇ. ಪೆಟ್ರೋಲ್ ವಾಸನೆ ಬರುತ್ತದೆ ಅಂದಿದ್ದೀರಲ್ಲ, ಇದನ್ನು ನಾಳೆಗೆ ಹಾಕಬೇಡಿ, ಬೆಂಕಿಯ ವಿಷಯ. ಎಥನಾಲ್ ಜಾಸ್ತಿಯಾದರೆ ಮಿಶ್ರಣ ತೆಳುವಾಗುತ್ತದೆ, ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಒಂದೆರಡು ಸೈಜ್ ದೊಡ್ಡದು ಹಾಕಿಸಿ, ಪ್ಲಗ್ ಬಣ್ಣ ನೋಡಿ ಹೊಂದಿಸಿ. ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಇಟ್ಟು ನಿಲ್ಲಿಸಬೇಡಿ. ಎಥನಾಲ್ ತೇವ ಹೀರಿ ನೀರಿನ ಜೊತೆ ಕೆಳಗೆ ಕೂರುತ್ತದೆ, ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡ್ಯೂಲ್ ಹಾಕಿಸಿ. ಮುಚ್ಚಳದ ಒಳಗೇ ಕೂರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗುವ ಕಷ್ಟ ಅರ್ಧ ಅದರಲ್ಲೇ ಹೋಗುತ್ತದೆ.

ಬ್ರಹ್ಮಾವರದವ

ಪೆಟ್ರೋಲ್ ಪೈಪ್ ಈ ವಾರವೇ ಮಾಡಿಸುತ್ತೇನೆ. ಬ್ರೇಕ್ ಕಿಟ್, ಮಾಸ್ಟರ್ ಸಿಲಿಂಡರ್ ಅಮೆರಿಕದಲ್ಲಿರುವ ಭಾವನ ಮೂಲಕ ತರಿಸುತ್ತೇನೆ. ಮಳೆ ಶುರುವಾಗುವ ಮೊದಲು ಕೌಲ್ ಬಿಚ್ಚಿಸಬೇಕು. ಅಣ್ಣ, ಕಿಟ್ ಬಂದ ಮೇಲೆ ಗಾಡಿಯನ್ನು ನಿಮ್ಮ ಶೆಡ್‌ಗೇ ತರಬಹುದಾ? ಓಡಿಸಿಕೊಂಡು ಬರುವುದಿಲ್ಲ, ಟೋಯಿಂಗ್ ಗಾಡಿಯಲ್ಲಿ ಹಾಕಿ ತರುತ್ತೇನೆ.

ಕಟಪಾಡಿ ಮೆಕ್ಯಾನಿಕ್

ಧಾರಾಳವಾಗಿ ತನ್ನಿ. ಕಿಟ್ ಪೆಟ್ಟಿಗೆ ಒಡೆಯುವ ಮೊದಲು ಒಂದು ಫೋಟೋ ಇಲ್ಲಿ ಹಾಕಿ, ಐದು ನಟ್ಟಿನದ್ದೇ ಬಂದಿದೆಯಾ ಅಂತ ನೋಡುವಾ.